ಆಫ್ ಮಾಡದೆ ಜೋಡಿಸುವ ವಿದ್ಯೆ

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಈಗ ಕಡಲೆಕಾಯಿ ಹೊಲಕ್ಕಿಂತ ಸೋಲಾರ್ ಫಲಕಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸೇರಿ ಐದು ಊರುಗಳ ಸುಮಾರು 13 ಸಾವಿರ ಎಕರೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಎಂದು ಗೊತ್ತಾಗಿತ್ತು. ಜಮೀನೇ ಇಲ್ಲದೆ ಕೂಲಿ ನಂಬಿ ಬದುಕುತ್ತಿದ್ದವರ ಪಾಲಿಗೆ ಏನು ಬಂತು ಎಂಬುದು ಬೇರೆಯೇ ಪುಸ್ತಕ ಆಗಬೇಕಾದ ವಿಷಯ. 2018ರ ಮಾರ್ಚ್ 1ರಂದು ಮೊದಲ ಹಂತ ಉದ್ಘಾಟನೆಯಾದ ಈ 'ಶಕ್ತಿಸ್ಥಳ' 2019ರ ಡಿಸೆಂಬರ್ ಹೊತ್ತಿಗೆ 2,050 ಮೆಗಾವಾಟ್ ಮುಟ್ಟಿತು.

ಹೊತ್ತು ಮೂಡಿ ಬಿಸಿಲು ಸ್ವಲ್ಪ ಬಲಿಯುತ್ತಿದ್ದಂತೆ ಇಲ್ಲಿನ ಇನ್ವರ್ಟರುಗಳು ಒಂದೊಂದಾಗಿ ಗ್ರಿಡ್ಡಿಗೆ ಸೇರಿಕೊಳ್ಳುತ್ತವೆ. ಆ ಗ್ರಿಡ್ ಅವುಗಳಿಗಾಗಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಮಧುಗಿರಿಯ ಆಸ್ಪತ್ರೆಯಲ್ಲಿ ಫ್ಯಾನು ತಿರುಗುತ್ತಿರುತ್ತದೆ, ಕೊರಟಗೆರೆಯ ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರುತ್ತದೆ, ಬೆಂಗಳೂರಿನಲ್ಲಿ ಮೆಟ್ರೊ ಹೊರಟಿರುತ್ತದೆ. ಯಾರಿಗೂ ಗೊತ್ತಾಗದ ಹಾಗೆ ಸಾವಿರ ಮೆಗಾವಾಟು ಒಳಗೆ ಬಂದು ಕೂರುತ್ತದೆ. ಸಂಜೆ ಅಷ್ಟೂ ಹೊರಗೆ ಹೋಗುತ್ತದೆ.

ಓಡುತ್ತಿರುವ ವ್ಯವಸ್ಥೆಯನ್ನು ನಿಲ್ಲಿಸದೆ ಅದಕ್ಕೆ ಹೊಸದೊಂದನ್ನು ಜೋಡಿಸುವುದಕ್ಕೆ ಕಂಪ್ಯೂಟರಿನವರು 'ಹಾಟ್ ಪ್ಲಗ್' ಎನ್ನುತ್ತಾರೆ. ಪೆನ್‌ಡ್ರೈವ್ ಚುಚ್ಚಿದೊಡನೆ ಅದರ ಚಿತ್ರ ತೆರೆಯ ಮೇಲೆ ಬರುವುದು ನಮಗೆಲ್ಲ ಎಷ್ಟು ಅಭ್ಯಾಸವಾಗಿದೆಯೆಂದರೆ, ಅದರಲ್ಲಿ ವಿಶೇಷವಿದೆ ಎಂದೇ ಅನಿಸುವುದಿಲ್ಲ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ಪಕ್ಕದಲ್ಲೇ ನಿಂತಿದ್ದಾಗ, ವಿಂಡೋಸ್ 98ಕ್ಕೆ ಒಂದು ಸ್ಕ್ಯಾನರ್ ಚುಚ್ಚಿದ ತಕ್ಷಣ ಇಡೀ ಯಂತ್ರ ನೀಲಿ ಪರದೆ ತೋರಿಸಿ ಮಲಗಿತು. ಆಗಿನ್ನೂ ಅದು ಅಷ್ಟು ಸಲೀಸಾಗಿರಲಿಲ್ಲ. ಈಗ ಸಲೀಸಾಗಿರುವುದು ಯಾಕೆ ಎಂದು ತಿಳಿಯಬೇಕಾದರೆ, ಅದು ಇವತ್ತಿಗೂ ಸಲೀಸಾಗಿರದ ಒಂದು ಮೂಲೆಗೆ ಹೋಗಬೇಕು. ಅಂಥ ಮೂಲೆ ಹ್ಯಾಕಿಂಟಾಷ್.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಮದರ್‌ಬೋರ್ಡು, ಪ್ರೊಸೆಸರು, ಡಬ್ಬ ಎಲ್ಲ ಬಿಡಿಬಿಡಿಯಾಗಿ ಕೊಂಡು ಕಟ್ಟಿದ ಪಿಸಿಯ ಮೇಲೆ ಆಪಲ್‌ನ ಮ್ಯಾಕ್‌ಒಎಸ್ ಓಡಿಸಿದರೆ ಅದು ಹ್ಯಾಕಿಂಟಾಷ್. 2006ರಲ್ಲಿ ಆಪಲ್ ಇಂಟೆಲ್ ಪ್ರೊಸೆಸರಿಗೆ ಬದಲಾದ ಮೇಲೆ ಇದು ಸಾಧ್ಯವಾಯಿತು. ಆಪಲ್‌ನ ಪರವಾನಗಿ ಇದಕ್ಕೆ ಒಪ್ಪುವುದಿಲ್ಲ. ಇಂಥ ಯಂತ್ರಗಳನ್ನು ಮಾರಲು ಹೊರಟ ಅಮೆರಿಕದ ಸೈಸ್ಟಾರ್ ಕಂಪನಿ 2009ರಲ್ಲಿ ಕೋರ್ಟಿನಲ್ಲಿ ಸೋತಿತು. ಆದರೂ ಮನೆಯಲ್ಲಿ ಕೂತು ಹಟಕ್ಕೆ ಬಿದ್ದು ಕಟ್ಟುವವರು ಜಗತ್ತಿನ ತುಂಬ ಇದ್ದರು. ಬಹುತೇಕ ಎಲ್ಲವನ್ನೂ ಅವರು ಸರಿಮಾಡಿಕೊಂಡರು. ಧ್ವನಿ ಬಂತು, ವೈಫೈ ಬಂತು, ಗ್ರಾಫಿಕ್ಸ್ ಬಂತು. ಕೊನೆಯವರೆಗೂ ಕಾಡಿದ್ದು ಥಂಡರ್‌ಬೋಲ್ಟ್.

ಥಂಡರ್‌ಬೋಲ್ಟ್ ಇಂಟೆಲ್ ಮತ್ತು ಆಪಲ್ ಸೇರಿ ತಂದ ಜೋಡಣೆ. 2011ರ ಫೆಬ್ರುವರಿಯಲ್ಲಿ ಮ್ಯಾಕ್‌ಬುಕ್ ಪ್ರೊದಲ್ಲಿ ಮೊದಲು ಬಂದಾಗ ಅದರ ವೇಗ ಸೆಕೆಂಡಿಗೆ 10 ಗಿಗಾಬಿಟ್. 2015ರ ಮೂರನೇ ಪೀಳಿಗೆಯಲ್ಲಿ 40 ಗಿಗಾಬಿಟ್. ಈಗಿನ ಫೋನ್ ಚಾರ್ಜರಿನ ಯುಎಸ್‌ಬಿ-ಸಿ ಆಕಾರವೇ ಅದಕ್ಕೂ ಇರುವುದರಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಒಳಗಿನ ವ್ಯತ್ಯಾಸ ಮಾತ್ರ ದೊಡ್ಡದು. ಯುಎಸ್‌ಬಿ ಸಾಧನ ಕಂಪ್ಯೂಟರಿನ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಥಂಡರ್‌ಬೋಲ್ಟ್‌ನಲ್ಲಿ ಮದರ್‌ಬೋರ್ಡಿನ ಮೇಲಿನ ಪಿಸಿಐ ಎಕ್ಸ್‌ಪ್ರೆಸ್ ದಾರಿಯೇ, ಅಂದರೆ ಗ್ರಾಫಿಕ್ಸ್ ಕಾರ್ಡ್ ಕೂರುವ ದಾರಿಯೇ, ಕೇಬಲ್ಲಿನೊಳಗೆ ಡಬ್ಬದಿಂದ ಹೊರಗೆ ಬರುತ್ತದೆ. ಹೊರಗಿಟ್ಟ ಡ್ರೈವು ಒಳಗಿನ ಕಾರ್ಡಿನಷ್ಟೇ ಸಲಿಗೆಯಿಂದ ಮೆಮೊರಿಯ ಜೊತೆ ನೇರ ವ್ಯವಹಾರ ಮಾಡಬಲ್ಲದು.

ಹ್ಯಾಕಿಂಟಾಷ್ ಕಟ್ಟಿದವರು ಹೇಳುವ ರೋಗಲಕ್ಷಣ ಎಲ್ಲೆಡೆ ಒಂದೇ. ಡ್ರೈವಿನ ಕೇಬಲ್ ಚುಚ್ಚಿಟ್ಟು ಕಂಪ್ಯೂಟರ್ ಆನ್ ಮಾಡಿದರೆ ಎಲ್ಲ ಸರಿ, ಪೂರ್ತಿ ವೇಗ. ಆನ್ ಆದ ಮೇಲೆ ಚುಚ್ಚಿದರೆ ಏನೂ ಇಲ್ಲ. ಕೆಲಸ ಮಾಡುತ್ತಿದ್ದ ಡ್ರೈವನ್ನೇ ಕಿತ್ತು ಮರುಗಳಿಗೆಯಲ್ಲಿ ಅದೇ ತೂತಿಗೆ ಚುಚ್ಚಿದರೂ ಏನೂ ಇಲ್ಲ. ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ತಂತಿ ಅದೇ, ಪೋರ್ಟ್ ಅದೇ, ಡ್ರೈವ್ ಅದೇ. ಅಂದಮೇಲೆ ತೊಂದರೆ ಜೋಡಣೆಯಲ್ಲಿಲ್ಲ, ಜೋಡಣೆಯ ಹೊತ್ತಿನಲ್ಲಿದೆ.

ಆನ್ ಆಗುವಾಗ ಏನು ನಡೆಯುತ್ತದೆ ನೋಡಿ. ಮದರ್‌ಬೋರ್ಡಿನ ಬಯಾಸ್, ಅಂದರೆ ಎಲ್ಲಕ್ಕಿಂತ ಮೊದಲು ಏಳುವ ತಂತ್ರಾಂಶ, ತನ್ನ ಎಲ್ಲ ಪಿಸಿಐ ದಾರಿಗಳನ್ನೂ ಒಮ್ಮೆ ನಡೆದು ನೋಡಿ, ಸಿಕ್ಕ ಪ್ರತಿ ಕವಲಿಗೂ ಒಂದು ಬಸ್ ನಂಬರು ಕೊಡುತ್ತದೆ. ನಂಬರಿಗೆ ಇರುವುದು ಎಂಟೇ ಬಿಟ್, ಹಾಗಾಗಿ ಒಟ್ಟು 256 ನಂಬರು. ಜೊತೆಗೆ ಪ್ರತಿ ಕವಲಿಗೂ ವಿಳಾಸಗಳ ಒಂದು ಪಟ್ಟಿಯನ್ನು, ಇಲ್ಲಿಂದ ಇಲ್ಲಿಯವರೆಗೆ ನಿನ್ನದು ಎಂದು ಗೊತ್ತುಮಾಡುತ್ತದೆ. ಆ ಹೊತ್ತಿಗೆ ಡ್ರೈವ್ ಇದ್ದರೆ ಅದಕ್ಕೂ ಜಾಗ ಸಿಗುತ್ತದೆ. ಇಲ್ಲದಿದ್ದರೆ ಮುಂದಿನ ಕವಲು ಅದರ ಪಕ್ಕದ ನಂಬರನ್ನು ಹಿಡಿದುಬಿಡುತ್ತದೆ, ಮಧ್ಯೆ ತೂರಲು ಸಂದಿಯಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ತಡವಾಗಿ ಬರುವ ಬೀಗರಿಗೆಂದು ನಾಲ್ಕು ಎಲೆ ಹಾಕಿ ಖಾಲಿ ಬಿಟ್ಟಿರುವ ಹಾಗೆ, ಬಯಾಸ್ ಥಂಡರ್‌ಬೋಲ್ಟ್ ಕವಲಿಗೆ ಒಂದಷ್ಟು ನಂಬರು, ಒಂದಷ್ಟು ವಿಳಾಸ ಮೊದಲೇ ಕಾದಿರಿಸಿರಬೇಕು. ಒಂದು ಪೋರ್ಟಿಗೆ ಸರಪಳಿಯಾಗಿ ಆರು ಸಾಧನದವರೆಗೆ ಸೇರಿಸಬಹುದಾದ್ದರಿಂದ ಖಾಲಿ ಎಲೆಗಳೂ ಧಾರಾಳವಾಗಿಯೇ ಬೇಕು.

ಜಾಗ ಇದ್ದರೂ ಸಾಲದು. ಬಂದವನನ್ನು ನೋಡಿಕೊಳ್ಳುವವರು ಯಾರು? ಹ್ಯಾಕಿಂಟಾಷ್‌ನ ನಿಜವಾದ ತಕರಾರು ಇಲ್ಲಿದೆ. ಕೇಬಲ್ ಚುಚ್ಚಿದಾಗ ಥಂಡರ್‌ಬೋಲ್ಟ್ ಚಿಪ್ಪಿನಲ್ಲಿ ಮೊದಲು ಒಂದು ಸುರಂಗ ತೆರೆಯಬೇಕು, ಅದರ ಮೂಲಕ ಪಿಸಿಐ ದಾರಿ ಹರಿಯಬೇಕು, ಆಮೇಲೆ ನಂಬರು ಕೊಡಬೇಕು. ಆ ಕಾಲದ ವಿಂಡೋಸ್ ಪಿಸಿಗಳಲ್ಲಿ ಸುರಂಗ ತೆರೆಯುತ್ತಿದ್ದುದು ಚಿಪ್ಪಿನ ಒಳಗೇ ಓಡುವ ಅದರದೇ ತಂತ್ರಾಂಶ, ಫರ್ಮ್‌ವೇರ್. ಯಾರೋ ಬಂದರು ಎಂದು ಅದು ಮದರ್‌ಬೋರ್ಡಿಗೆ ತಿಳಿಸುತ್ತದೆ. ಬಿಡಿ ಥಂಡರ್‌ಬೋಲ್ಟ್ ಕಾರ್ಡುಗಳಲ್ಲಿ ಇದಕ್ಕಾಗಿಯೇ ಒಂದು ಸಣ್ಣ ಪ್ರತ್ಯೇಕ ವೈರಿರುತ್ತದೆ, ಅದನ್ನು ಮದರ್‌ಬೋರ್ಡಿನ ಪಿನ್ನುಗಳಿಗೆ ಸಿಕ್ಕಿಸಬೇಕು. ಉಳಿದದ್ದು ಬಯಾಸ್‌ನ ಕೆಲಸ. ಆಪಲ್ ಹಾದಿ ಬೇರೆ. ಇಂಟೆಲ್ ಮ್ಯಾಕ್‌ನಲ್ಲಿ ಸುರಂಗ ತೆರೆಯುವುದೂ ನಂಬರು ಕೊಡುವುದೂ ಎರಡೂ ಮ್ಯಾಕ್‌ಒಎಸ್‌ನದೇ ಜವಾಬ್ದಾರಿ. ಹ್ಯಾಕಿಂಟಾಷ್‌ನಲ್ಲಿ ಈ ಎರಡು ಮನೆತನಗಳ ಸಂಬಂಧ ಮಾಡಿದ ಹಾಗಾಗಿದೆ. ಚಿಪ್ಪು ಬಯಾಸ್‌ಗೆ ಸುದ್ದಿ ಮುಟ್ಟಿಸಿ ಸುಮ್ಮನಾಗುತ್ತದೆ. ಮ್ಯಾಕ್‌ಒಎಸ್ ತನಗೆ ಯಾರೂ ಹೇಳಲಿಲ್ಲವೆಂದು ಕೂತಿರುತ್ತದೆ. ಇಬ್ಬರೂ ತಪ್ಪು ಮಾಡಿಲ್ಲ, ಡ್ರೈವು ಮಾತ್ರ ಬೀದಿಯಲ್ಲಿ ನಿಂತಿದೆ.

ಇದಕ್ಕೆ ಹುಡುಕಿಕೊಂಡ ಪರಿಹಾರದಲ್ಲಿ ಎರಡು ಭಾಗ. ಮೊದಲನೆಯದು ಒಂದು ಪುಟ್ಟ ವಿವರಣಾ ಪಟ್ಟಿ. ಓಪನ್‌ಕೋರ್‌ನಂಥ ಬೂಟ್‌ಲೋಡರ್ ಮ್ಯಾಕ್‌ಒಎಸ್ ಏಳುವ ಮೊದಲೇ ಇದನ್ನು ಅದರ ಕೈಗಿಡುತ್ತದೆ. ಈ ಸ್ಲಾಟಿನಲ್ಲಿರುವುದು ಥಂಡರ್‌ಬೋಲ್ಟ್, ಇಂಥಿಂಥ ಕವಲುಗಳಿಗೆ ಇಂಥಿಂಥ ಹೆಸರು, ಈ ಕವಲಿನಲ್ಲಿರುವುದನ್ನು ಯಾವಾಗ ಬೇಕಾದರೂ ಕೀಳಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಪಿಸಿ ಬಯಾಸ್ ಇಟ್ಟ ಹೆಸರುಗಳನ್ನು ಅಳಿಸಿ ಆಪಲ್ ಬಳಸುವ ಹೆಸರುಗಳನ್ನೇ ಬರೆಯಬೇಕು. ಜೊತೆಗೆ ಡಿರಾಮ್ ಎಂಬ ಗುರುತಿನ ಚೀಟಿ ಬೇಕು. ಅದರಲ್ಲಿ ಕಂಟ್ರೋಲರಿನ ವಿಶಿಷ್ಟ ನಂಬರು, ತಯಾರಕರ ಹೆಸರು, ಪೋರ್ಟುಗಳ ವಿವರ ಇರುತ್ತದೆ, ತಾಳೆ ನೋಡುವ ಚೆಕ್‌ಸಮ್ಮೂ ಇರುತ್ತದೆ. ಒಂದು ಬೈಟ್ ಬದಲಾಯಿಸಿದರೂ ಚೆಕ್‌ಸಮ್ಮನ್ನು ಹೊಸದಾಗಿ ಲೆಕ್ಕ ಹಾಕಿ ಬರೆಯಬೇಕು. ಬರೆಯದಿದ್ದರೆ ಮ್ಯಾಕ್‌ಒಎಸ್ ಚೀಟಿ ನೋಡಿ ಪಕ್ಕಕ್ಕಿಡುತ್ತದೆ, ಯಾಕೆಂದು ಹೇಳುವುದೂ ಇಲ್ಲ.

ಎರಡನೆಯದಕ್ಕೆ ಧೈರ್ಯ ಬೇಕು. ಗಿಗಾಬೈಟ್ ಕಂಪನಿಯ ಟೈಟನ್ ರಿಜ್‌ನಂಥ ಕಾರ್ಡಿನ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಎಂಟು ಕಾಲಿನ ಫ್ಲ್ಯಾಷ್ ಚಿಪ್ ಇರುತ್ತದೆ. ಥಂಡರ್‌ಬೋಲ್ಟ್ ಚಿಪ್ಪಿನ ಫರ್ಮ್‌ವೇರ್ ಅದರಲ್ಲೇ ಇರುವುದು. ಕಾರ್ಡನ್ನು ಹೊರತೆಗೆದು, ಆ ಎಂಟೂ ಕಾಲಿಗೆ ಸರಿಯಾಗಿ ಕೂರುವ ಕ್ಲಿಪ್ ಕಚ್ಚಿಸಿ, ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್ ಮೂಲಕ ಹಳೆಯ ಫರ್ಮ್‌ವೇರನ್ನು ಓದಿ ಜೋಪಾನ ಮಾಡಿಟ್ಟು, ಸುರಂಗದ ಕೆಲಸವನ್ನು ಮ್ಯಾಕ್‌ಒಎಸ್‌ಗೆ ಬಿಟ್ಟುಕೊಡುವಂತೆ ತಿದ್ದಿದ ಫರ್ಮ್‌ವೇರನ್ನು ಬರೆಯಬೇಕು. ಕ್ಲಿಪ್ಪಿನ ಕೆಂಪು ವೈರು ಚಿಪ್ಪಿನ ಚುಕ್ಕೆ ಇರುವ ಮೂಲೆಗೆ ಬರಬೇಕು. ತಿರುವುಮುರುವಾದರೆ ಚಿಪ್ಪು ಬಿಸಿಯಾಗುತ್ತದೆ, ಕಾರ್ಡಿನ ಆಸೆ ಬಿಡಬೇಕಾಗುತ್ತದೆ. ಎರಡು ಸಲ ಓದಿ ಎರಡೂ ಪ್ರತಿ ಒಂದೇ ಆಗಿವೆಯೇ ಎಂದು ನೋಡದೆ ಬರೆಯಲು ಹೋಗುವುದು ಹುಂಬತನ.

ಇಷ್ಟೆಲ್ಲ ಆದಮೇಲೆ ಬಯಾಸ್‌ನಲ್ಲಿ ಥಂಡರ್‌ಬೋಲ್ಟ್ ಭದ್ರತೆಯನ್ನು ತೆಗೆದುಹಾಕಿ ಎನ್ನುವ ಸಲಹೆಯೂ ಸಾಮಾನ್ಯವಾಗಿ ಸಿಗುತ್ತದೆ. ಇದನ್ನು ಮಾತ್ರ ಯೋಚಿಸಿ ಮಾಡಬೇಕು. ನೇರವಾಗಿ ಮೆಮೊರಿ ಮುಟ್ಟಬಲ್ಲ ಸಾಧನಕ್ಕೆ ತಪಾಸಣೆಯಿಲ್ಲದೆ ಬಾಗಿಲು ತೆರೆದರೆ ಏನಾಗಬಹುದು ಎಂಬುದನ್ನು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2020ರಲ್ಲಿ 'ಥಂಡರ್‌ಸ್ಪೈ' ಹೆಸರಿನಲ್ಲಿ ತೋರಿಸಿದ್ದಾರೆ. ಲಾಕ್ ಆಗಿರುವ ಲ್ಯಾಪ್‌ಟಾಪೂ ಬಿಚ್ಚಿಕೊಳ್ಳುತ್ತದೆ.

ಈಗ ತಿರುಮಣಿಗೆ ಮರಳಿ ಬನ್ನಿ. ಜಾಗ ಕಾದಿರಿಸುವ ಕೆಲಸ ಇಲ್ಲಿ ನೆಲದ ಮೇಲೆಯೇ ಕಾಣುತ್ತದೆ. ಕೇಂದ್ರ ಸರ್ಕಾರ 2014ರ ಡಿಸೆಂಬರ್‌ನಲ್ಲಿ ತಂದ ಸೋಲಾರ್ ಪಾರ್ಕ್ ಯೋಜನೆಯ ತಿರುಳೇ 'ಪ್ಲಗ್ ಅಂಡ್ ಪ್ಲೇ'. ಫಲಕ ಹಾಕುವ ಕಂಪನಿ ಬರುವ ಮೊದಲೇ ಜಮೀನು, ರಸ್ತೆ, ಸಬ್‌ಸ್ಟೇಷನ್ ಸಿದ್ಧವಿರಬೇಕು. ಇದಕ್ಕಾಗಿ ಕರ್ನಾಟಕದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ 2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಕಟ್ಟಿದವು. ಜಮೀನನ್ನು 50 ಮೆಗಾವಾಟ್‌ನ ಬ್ಲಾಕುಗಳಾಗಿ ವಿಂಗಡಿಸಿದರು. ಬ್ಲಾಕುಗಳಿಂದ ಬರುವ ಕರೆಂಟು ಪಾರ್ಕಿನೊಳಗಿನ 220 ಕೆವಿ ಪೂಲಿಂಗ್ ಸ್ಟೇಷನ್‌ಗಳಿಗೆ, ಅಲ್ಲಿಂದ ಪವರ್‌ಗ್ರಿಡ್‌ನ 400 ಕೆವಿ ಸ್ಟೇಷನ್‌ಗೆ ಹೋಗುತ್ತದೆ. ಪ್ರತಿ ಸ್ಟೇಷನ್‌ನಲ್ಲೂ ಲೈನ್ ಬಂದು ಸೇರುವ ಅಂಕಣಕ್ಕೆ ಎಂಜಿನಿಯರುಗಳು 'ಬೇ' ಎನ್ನುತ್ತಾರೆ. ಯಾರು ಬರುತ್ತಾರೆ ಎಂದು ಗೊತ್ತಾಗುವ ಮೊದಲೇ ಬೇ ಕಟ್ಟಿ ಖಾಲಿ ಬಿಟ್ಟಿದ್ದರಿಂದಲೇ, 2018-19ರಲ್ಲಿ ಒಂದು ಬ್ಲಾಕ್ ಕರೆಂಟ್ ಕೊಡುತ್ತಿರುವಾಗ ಪಕ್ಕದ್ದನ್ನು ಕಟ್ಟಿ ಸೇರಿಸುತ್ತಾ ಹೋಗಲು ಆಯಿತು.

ಆಮೇಲೆ ಹೊಂದಾಣಿಕೆ. ಫಲಕದಿಂದ ಬರುವುದು ಡಿಸಿ. ಗ್ರಿಡ್ಡಿನಲ್ಲಿರುವುದು ಸೆಕೆಂಡಿಗೆ 50 ಸಲ ಏರಿಳಿಯುವ ಎಸಿ, ಒಂದೊಂದು ಅಲೆಗೆ 20 ಮಿಲಿಸೆಕೆಂಡು. ಸೇರುವ ಮೊದಲು ಇನ್ವರ್ಟರ್ ಗ್ರಿಡ್ಡಿನ ಅಲೆಯನ್ನು ಅಳೆದು, ತನ್ನ ಅಲೆಯೂ ಅದೇ ಎತ್ತರ, ಅದೇ ವೇಗ, ಅದೇ ಹೊತ್ತಿಗೆ ಏಳುವಂತೆ ಮಾಡಿಕೊಳ್ಳಬೇಕು. 10 ಮಿಲಿಸೆಕೆಂಡು ಆಚೀಚೆಯಾದರೆ ಒಬ್ಬರ ಏರು ಇನ್ನೊಬ್ಬರ ಇಳುಕಲಿಗೆ ಎದುರಾಗುತ್ತದೆ, ಸ್ವಿಚ್ಚಿನ ಎರಡು ತುದಿಗಳ ನಡುವೆ ದುಪ್ಪಟ್ಟು ವೋಲ್ಟೇಜು ನಿಂತಿರುತ್ತದೆ. ಹಳೆಯ ಪವರ್‌ಹೌಸುಗಳಲ್ಲಿ ಇದನ್ನು ಬಲ್ಬಿನಿಂದ ನೋಡುತ್ತಿದ್ದರು. ಓಡುವ ಲೈನಿಗೂ ಹೊಸ ಜನರೇಟರಿಗೂ ನಡುವೆ ಮೂರು ಬಲ್ಬು ಕಟ್ಟುವುದು. ಎರಡರ ಅಲೆ ಹೊಂದದಿದ್ದಾಗ ಬಲ್ಬು ಉರಿದು ಆರಿ ಉರಿದು ಆರುತ್ತದೆ. ವೇಗ ಹತ್ತಿರವಾದಂತೆ ಈ ಮಿಣುಕು ನಿಧಾನವಾಗುತ್ತದೆ. ಮೂರೂ ಪೂರ್ತಿ ಆರಿದ ಗಳಿಗೆಯಲ್ಲಿ ಸ್ವಿಚ್ ಎಳೆಯಬೇಕು. ವೇಗವೇ ಬೇರೆಯಾಗಿದ್ದರೆ ಈ ಕಸರತ್ತೂ ನಡೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ಕರೆಂಟು ಸೆಕೆಂಡಿಗೆ 25 ಸೈಕಲ್ಲಿನದು. ಅದನ್ನು 50ರ ಲೈನಿಗೆ ನೇರವಾಗಿ ಸೇರಿಸಲು ಯಾವ ತಂತಿಯಿಂದಲೂ ಆಗದು.

ಇಂಥ ಜೋಡಣೆಗಳಲ್ಲಿ ನಮ್ಮ ದೇಶದ ಅತಿ ದೊಡ್ಡದು ನಡೆದದ್ದು ಕರ್ನಾಟಕದ ಒಂದು ತುದಿಯಲ್ಲಿ. 2013ರ ಡಿಸೆಂಬರ್ 31ರವರೆಗೆ ದಕ್ಷಿಣದ ರಾಜ್ಯಗಳ ಗ್ರಿಡ್ ಬೇರೆ, ಉಳಿದ ಭಾರತದ್ದು ಬೇರೆ. ಎರಡೂ 50 ಹರ್ಟ್ಸ್‌ನವೇ, ಆದರೆ ಒಂದರ ಅಲೆಗೂ ಇನ್ನೊಂದರ ಅಲೆಗೂ ಸಂಬಂಧವಿರಲಿಲ್ಲ. ಹಾಗಾಗಿ ನಡುವೆ ಡಿಸಿ ಸೇತುವೆಗಳು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ 500 ಕೆವಿ ಡಿಸಿ ಲೈನ್ ಅಂಥದ್ದು. ಡಿಸಿಗೆ ಅಲೆಯೇ ಇಲ್ಲವಾದ್ದರಿಂದ ಹೊಂದಿಸುವ ತಾಪತ್ರಯವಿಲ್ಲ. ಆ ದಿನ ರಾಯಚೂರು-ಸೊಲ್ಲಾಪುರ 765 ಕೆವಿ ಎಸಿ ಲೈನ್ ಸೇರಿಸಿದಾಗ, ಎರಡೂ ಕಡೆ ಕೋಟ್ಯಂತರ ಮನೆಗಳಲ್ಲಿ ದೀಪ ಉರಿಯುತ್ತಿರುವಂತೆಯೇ ಇಡೀ ದೇಶ ಒಂದೇ ಅಲೆಗೆ ಬಂತು. ಬೇರೆಯಾಗಿದ್ದುದರಲ್ಲಿ ಲಾಭವೂ ಇತ್ತು ಎನ್ನಬೇಕು: 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮ್ಮ ಕಡೆ ಕರೆಂಟ್ ಹೋಗಲಿಲ್ಲ.

ಸೇರಿಸುವುದಕ್ಕಿಂತ ಕಿತ್ತುಕೊಳ್ಳುವುದು ಕಷ್ಟ, ಯಾಕೆಂದರೆ ಅದಕ್ಕೆ ಮುನ್ಸೂಚನೆ ಇರುವುದಿಲ್ಲ. ಥಂಡರ್‌ಬೋಲ್ಟ್ ಡ್ರೈವನ್ನು ಹಠಾತ್ತನೆ ಕಿತ್ತ ಮೇಲೂ ಡ್ರೈವರ್ ತಂತ್ರಾಂಶ ಅದನ್ನು ಓದಲು ಹೋಗುತ್ತದೆ. ಆಗ ಸಿಗುವ ಉತ್ತರದಲ್ಲಿ ಎಲ್ಲ ಬಿಟ್ಟುಗಳೂ 1. ಅದು ಉತ್ತರವಲ್ಲ, ಆ ಕಡೆ ಯಾರೂ ಇಲ್ಲ ಎಂದು ಅರ್ಥಮಾಡಿಕೊಳ್ಳುವ ತಂತ್ರಾಂಶ ಬದುಕುತ್ತದೆ, ನಿಜವೆಂದು ನಂಬಿದ್ದು ಯಂತ್ರವನ್ನೇ ಕೆಡವುತ್ತದೆ. ಗ್ರಿಡ್ಡಿನಲ್ಲಿ ಇದರ ತಿರುಗುಮುರುಗು ಸಮಸ್ಯೆ ಇದೆ. ಎಲ್ಲೋ ಲೈನ್ ಮೇಲೆ ಮರ ಬಿದ್ದು ವೋಲ್ಟೇಜ್ ಕುಸಿದರೆ, ಇನ್ವರ್ಟರುಗಳೆಲ್ಲ ಹೆದರಿ ಒಟ್ಟಿಗೆ ಕಳಚಿಕೊಂಡರೆ ಚಿಕ್ಕ ಪೆಟ್ಟು ದೊಡ್ಡ ಕತ್ತಲಾಗುತ್ತದೆ. ಅದಕ್ಕೇ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ: ವೋಲ್ಟೇಜು ಶೇ 15ಕ್ಕೆ ಇಳಿದರೂ 300 ಮಿಲಿಸೆಕೆಂಡು ಕಚ್ಚಿಕೊಂಡು ನಿಲ್ಲಬೇಕು. 2019ರ ಡಿಸೆಂಬರ್ 26ರ ಬೆಳಗಿನ ಕಂಕಣ ಸೂರ್ಯಗ್ರಹಣ ಮಾತ್ರ ಪಂಚಾಂಗ ನೋಡಿ ಬಂದ ಕಳಚಿಕೆ. ಪಾವಗಡ ಪೂರ್ತಿ ಸಾಮರ್ಥ್ಯಕ್ಕೆ ಬಂದ ತಿಂಗಳೇ ಅದು. ಗಂಟೆ, ನಿಮಿಷ ಮೊದಲೇ ಗೊತ್ತಿದ್ದರಿಂದ ಜಲವಿದ್ಯುತ್ ಮತ್ತಿತರ ಕೇಂದ್ರಗಳನ್ನು ಸಿದ್ಧವಿಟ್ಟುಕೊಳ್ಳಲು ಸಾಧ್ಯವಿತ್ತು. ಮೋಡ ಇಷ್ಟು ಮರ್ಯಾದಸ್ಥನಲ್ಲ.

ಹ್ಯಾಕಿಂಟಾಷ್ ಕಥೆ ಮುಗಿಯುತ್ತಾ ಬಂತು. ಆಪಲ್ 2020ರಿಂದ ಇಂಟೆಲ್ ಬಿಟ್ಟು ತನ್ನದೇ ಚಿಪ್ಪಿಗೆ ಹೊರಳಿದೆ, 2025ರ ಟಾಹೊ ಆವೃತ್ತಿಯ ನಂತರ ಇಂಟೆಲ್‌ಗೆ ಮ್ಯಾಕ್‌ಒಎಸ್ ಬರುವುದಿಲ್ಲ. ಆದರೆ ಹಾಟ್ ಪ್ಲಗ್ ಕೆಟ್ಟರೆ ಏನಾಗುತ್ತದೆಂದು ನೋಡಲು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ತೋಟಕ್ಕಾದರೂ ಹೋಗಬಹುದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂದು ಲೆಕ್ಕ. ರಾತ್ರಿ ಎದ್ದು ಬರಲಾರದೆ ರೈತರು ಆಟೋ ಸ್ಟಾರ್ಟರ್ ಹಾಕಿಸಿರುತ್ತಾರೆ. ಕರೆಂಟ್ ಬಂದ ಕ್ಷಣವೇ ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಎಲ್ಲ ಮೋಟರೂ ಏಕಕಾಲಕ್ಕೆ ಏಳುತ್ತವೆ. 63 ಕೆವಿಎ ಟಿಸಿ ಆರಾಮವಾಗಿ ಕೊಡಬಲ್ಲದ್ದು ಫೇಸಿಗೆ ಸುಮಾರು 84 ಆಂಪಿಯರ್. ಏಳೂವರೆ ಎಚ್‌ಪಿ ಮೋಟರು ಓಡುವಾಗ ಎಳೆಯುವುದು 12 ಆಂಪಿಯರ್ ಆಸುಪಾಸು, ಆದರೆ ನೇರವಾಗಿ ಸ್ಟಾರ್ಟ್ ಆಗುವಾಗ ಅದರ ಆರು ಪಟ್ಟು, ಎಂದರೆ 70 ದಾಟುತ್ತದೆ. ಓಡುವಾಗ ಆರು ಮೋಟರನ್ನು ಹೊರುವ ಟಿಸಿಯಿಂದ ಆರನ್ನು ಒಟ್ಟಿಗೆ ಎಬ್ಬಿಸಲು 400 ಆಂಪಿಯರಿಗೂ ಮೇಲೆ ಕೇಳಿದಂತಾಯಿತು. ವೋಲ್ಟೇಜ್ ಬೀಳುತ್ತದೆ, ಮೋಟರು ತಿಣುಕುತ್ತದೆ, ಫ್ಯೂಸ್ ಹೋಗುತ್ತದೆ. ಫ್ಯೂಸಿನ ಜಾಗಕ್ಕೆ ಯಾರಾದರೂ ದಪ್ಪ ತಂತಿ ಕಟ್ಟಿದ್ದರೆ ಟಿಸಿಯೇ ಸುಡುತ್ತದೆ. ಆಟೋ ಸ್ಟಾರ್ಟರ್ ಕಂಡರೆ ಲೈನ್‌ಮನ್ ಸಿಡುಕುವುದು ಇದಕ್ಕೇ.

ಆಟೋ ಬಿಡಲಾಗದವರು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ತಡಮಾಡಿ ಎಬ್ಬಿಸುವ ಟೈಮರ್ ಹಾಕಿಸಿಕೊಳ್ಳಿ. ಒಂದೇ ಟಿಸಿಯವರು ಕೂತು ಮಾತಾಡಿ, ಮೊದಲಿನವರದು ಒಂದು ನಿಮಿಷಕ್ಕೆ, ಎರಡನೆಯವರದು ಎರಡಕ್ಕೆ, ಮೂರನೆಯವರದು ಮೂರಕ್ಕೆ ಎಂದು ಹಂಚಿಕೊಳ್ಳಿ. ಏಳು ಗಂಟೆಯಲ್ಲಿ ಕೊನೆಯವರು ಕಳೆದುಕೊಳ್ಳುವುದು ಆರು ನಿಮಿಷದ ನೀರು.